ನನ್ನ ಮಂಡಿ, ಅತ್ತೆಯ ಗಂಟಲು

ಟಪ್ ಅಂತ ಸದ್ದಾಯಿತು. ಎಳೆಯದೋ ಬಲಿತದ್ದೋ ಅಂತ ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವಲ್ಲ, ಅಷ್ಟೇ ಸದ್ದು. ಆದರೆ ಅದು ಬಂದದ್ದು ನನ್ನ ಬಲಮಂಡಿಯ ಒಳಗಿಂದ.

ನಮ್ಮ ಬೀದಿಯ ರಾಜ್ಯೋತ್ಸವದ ಕಬಡ್ಡಿ ಅದು. ಮೇಲೆ ಕೆಂಪು ಹಳದಿ ಬಾವುಟಗಳ ತೋರಣ, ಪಕ್ಕದಲ್ಲಿ ಕಿವಿ ತೂತಾಗುವಂಥ ಧ್ವನಿವರ್ಧಕ. ನಾನು ರೈಡಿಗೆ ಹೋಗಿ ಇಬ್ಬರನ್ನು ಮುಟ್ಟಿ, ಮೂರನೆಯವಳು ಕೈಚಾಚಿದಾಗ ಗಕ್ಕನೆ ಹಿಂದಕ್ಕೆ ತಿರುಗಿದೆ. ಮೈ ತಿರುಗಿತು, ಪಾದ ಮಾತ್ರ ಮ್ಯಾಟಿಗೆ ಅಂಟಿಕೊಂಡೇ ಉಳಿಯಿತು. ಬಿದ್ದೆ. ಬಿದ್ದರೂ ಕೈ ನಡುಗೆರೆ ಮುಟ್ಟಿತ್ತು, ಪಾಯಿಂಟು ನಮ್ಮದೇ! ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹತ್ತಿ ನಿಂತಿದ್ದ ನನ್ನ ಅತ್ತೆ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರು. ನಾನು ಏಳದೇ ಇದ್ದದ್ದನ್ನು ನೋಡಿ, ಎದುರಿನವರನ್ನು ಆಟ ಆಡಿಸುತ್ತಿದ್ದೇನೆ ಅಂದುಕೊಂಡರು.

"ಎದ್ದೇಳೇ, ಸಾಕು ನಾಟ್ಕ! ಇನ್ನೂ ಟೈಮ್ ಐತೆ!"

ಏಳಲಾಗಲಿಲ್ಲ. ಸಾಯಂಕಾಲದ ಹೊತ್ತಿಗೆ ಮಂಡಿ ಊದಿ ಸೋರೆಕಾಯಿ ಆಯಿತು.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ತಪಾಸಣೆಗೆ ಕೂರುವವಳು. ಲೇತಿನಿಂದ ಬಂದ ಬುಷ್‌ಗಳ, ಅಂದರೆ ಬಳೆಯಂಥ ಲೋಹದ ತುಂಡುಗಳ ತೂತಿಗೆ ಅಳತೆಯ ಗೇಜ್ ತೂರಿಸಿ ನೋಡುವುದು, ಸರಿಯಿಲ್ಲದ್ದನ್ನು ಕೆಂಪು ಡಬ್ಬಕ್ಕೆ ಎಸೆಯುವುದು ನನ್ನ ಕೆಲಸ. ನನ್ನ ಕೋಪ ಇಡೀ ಶೆಡ್ಡಿಗೆ ಗೊತ್ತು. ಭಾನುವಾರ ಬಂದರೆ ನಾನು ಕಬಡ್ಡಿ ಆಡುತ್ತೇನೆ. ನಮ್ಮ ತಂಡದಲ್ಲಿರುವವರೆಲ್ಲ ಬಾಗಲಗುಂಟೆ, ರಾಜಗೋಪಾಲನಗರದ ಹೆಂಗಸರೇ. ಗಾರ್ಮೆಂಟ್ಸಿನಲ್ಲಿ ಹೊಲಿಯುವವರು, ಪ್ಯಾಕಿಂಗ್ ಮಾಡುವವರು, ಒಬ್ಬಳು ನರ್ಸು. ಕ್ಯಾಪ್ಟನ್ ಗಾರ್ಮೆಂಟ್ಸಿನವಳು. ದಿನವಿಡೀ ಕಾಲರ್ ಹೊಲಿದ ಕೈಯಲ್ಲಿ ಎದುರಾಳಿಯ ಕಾಲು ಹಿಡಿದಳೆಂದರೆ ಬಿಡಿಸಿಕೊಳ್ಳಲು ದೇವರೇ ಬರಬೇಕು.

ಅತ್ತೆ ನಮ್ಮ ತಂಡದ ಮಹಾ ಅಭಿಮಾನಿ. ಒಂದು ಭಾನುವಾರ ನಾನು ಮನೆ ಬೀಗದ ಕೈ ತೆಗೆದುಕೊಂಡು ಬಂದುಬಿಟ್ಟಿದ್ದೆ. ಬೈಯಲೆಂದು ಮೈದಾನಕ್ಕೆ ಬಂದವರು ಬೈಯುವುದನ್ನು ಮರೆತು ಆಟ ಮುಗಿಯುವ ತನಕ ನಿಂತೇ ಇದ್ದರು. ಅಂದಿನಿಂದ ಒಂದು ಆಟವನ್ನೂ ತಪ್ಪಿಸಿಲ್ಲ. ನಮ್ಮ ಕೆಳಗಿನ ಬಾಡಿಗೆ ಮನೆಯವರು ನಲ್ಲಿ ಕೆಟ್ಟಿದೆ ಅಂದರೂ ಸರಿ, "ಇವತ್ತು ಮ್ಯಾಚ್ ಐತೆ, ನಾಳೆ ಬಾ" ಅನ್ನುತ್ತಾರೆ. ಅವರ ಗಂಟಲು ಮೂರು ಬೀದಿ ಆಚೆಗೆ ಕೇಳುತ್ತದೆ. ಅಂಪೈರುಗಳಿಗೆ ಅವರ ಮುಖ ಗೊತ್ತು, ಕಂಡರೆ ಬೇರೆ ಕಡೆ ನೋಡುತ್ತಾರೆ.

ಮೊದಮೊದಲು ಎಲ್ಲರೂ ಉಳುಕು ಅಂದರು. ಊತ ಇಳಿಯಿತು, ನಡೆದಾಡಿದೆ, ಕೆಲಸಕ್ಕೂ ಹೋದೆ. ಆದರೆ ಮೆಟ್ಟಿಲು ಇಳಿಯುವಾಗ, ತಟ್ಟನೆ ಯಾರೋ ಕರೆದರು ಅಂತ ತಿರುಗುವಾಗ ಮಂಡಿ ಸರಕ್ಕನೆ ಜಾರುತ್ತಿತ್ತು. ಬಾಗಿಲ ತಿರುಗಣಿ ಸಡಿಲವಾದ ಹಾಗೆ. ಒಂದು ದಿನ ಕಾರ್ಖಾನೆಯ ಬಾಗಿಲಲ್ಲೇ ಕುಸಿದೆ. ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು. ತೊಡೆಯ ಮೂಳೆಗೂ ಕೆಳಗಿನ ಮೂಳೆಗೂ ನಡುವೆ ಅಡ್ಡಡ್ಡ ಬಿಗಿದಿರುವ ಒಂದು ಹುರಿ ಇರುತ್ತದಂತೆ, ಲಿಗಮೆಂಟು ಅನ್ನುತ್ತಾರೆ. ಅದು ಪೂರ್ತಿ ಹರಿದುಹೋಗಿತ್ತು. ತಾನಾಗಿ ಕೂಡಿಕೊಳ್ಳುವ ಜಾತಿಯದಲ್ಲ. ಹೊಸದನ್ನು ಕಟ್ಟಬೇಕು.

ಆಪರೇಷನ್ ಮಾಡುವ ಡಾಕ್ಟರು ಚಿತ್ರ ತೋರಿಸಿ ವಿವರಿಸುತ್ತಿದ್ದರು. ಅತ್ತೆ ಮಧ್ಯದಲ್ಲೇ ಬಾಯಿ ಹಾಕಿದರು.

"ಡಾಕ್ಟ್ರೇ, ಇವ್ಳು ಮತ್ತೆ ಆಡ್ತಾಳಾ?"

"ಮೊದಲು ಚೆನ್ನಾಗಿ ನಡೀಲಿ ಅಮ್ಮ."

"ನಡೆಯಾಕೆ ಆಪ್ರೇಸನ್ ಯಾಕೆ? ಈಗ್ಲೇ ನಡೀತಾ ಅವ್ಳಲ್ಲ! ನಾನ್ ಕೇಳಿದ್ದು ಕಬಡ್ಡಿ."

ಡಾಕ್ಟರು ನನ್ನ ಮುಖ ನೋಡಿದರು. ನನ್ನದೂ ಅದೇ ಪ್ರಶ್ನೆ, ಬೇರೆ ಯಾವುದೂ ಇರಲಿಲ್ಲ. ಆಡದೇ ಇದ್ದರೆ ನಾನು ಯಾರು? ಬುಷ್ ನೋಡುವವಳು, ಮುಸುರೆ ತಿಕ್ಕುವವಳು, ಅಷ್ಟೇ. ಗೆರೆ ದಾಟಿ ಆ ಕಡೆ ಕಾಲಿಟ್ಟಾಗ ಮೈಯೆಲ್ಲ ಝುಂ ಅನ್ನುತ್ತದಲ್ಲ, ಅದನ್ನು ಬಿಟ್ಟು ಬದುಕುವುದು ನನಗೆ ಬೇಡವಾಗಿತ್ತು. "ಹೇಳಿದ ಹಾಗೆ ಕೇಳಿದರೆ ಆಡಬಹುದು" ಅಂದರು ಡಾಕ್ಟರು.

ಆಪರೇಷನ್ ಬಗ್ಗೆ ಹೇಳಲೇಬೇಕು. ಜೀವಮಾನದಲ್ಲಿ ಅಷ್ಟು ಮಜಾ ಅನುಭವಿಸಿಲ್ಲ! ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಎಚ್ಚರ ಪೂರ್ತಿ ಇತ್ತು. ಮಂಡಿಗೆ ಸಣ್ಣ ತೂತುಗಳನ್ನು ಮಾಡಿ ಕ್ಯಾಮೆರಾ ಒಳಗೆ ಬಿಟ್ಟಿದ್ದರು, ಅದರ ಚಿತ್ರ ಎದುರಿನ ಟಿವಿಯಲ್ಲಿ ಬರುತ್ತಿತ್ತು. ನನ್ನ ಮಂಡಿಯ ಒಳಗನ್ನು ನಾನೇ ನೋಡುತ್ತಿದ್ದೆ ಕಣ್ರೀ! ಬೆಳ್ಳಗೆ, ನುಣ್ಣಗೆ, ಎಳನೀರು ಗಂಜಿಯ ಹಾಗೆ. ನಡುವೆ ಹರಿದ ಹುರಿ ಕುಂಚದ ಕೂದಲಂತೆ ತೇಲಾಡುತ್ತಿತ್ತು. ತೊಡೆಯ ಹಿಂಭಾಗದಿಂದ ಉದ್ದನೆಯ ಸ್ನಾಯುವಿನ ಎಳೆ ತೆಗೆದು, ಮಡಚಿ ಹೊಲಿದು, ಅದನ್ನೇ ಹೊಸ ಹುರಿ ಮಾಡುತ್ತಾರೆ. ಪಕ್ಕದ ಮೇಜಿನಲ್ಲಿ ಒಬ್ಬರು ಅದನ್ನು ಸಾಲಾಗಿ ತೂತುಗಳಿದ್ದ ಒಂದು ಲೋಹದ ತುಂಡಿನಲ್ಲಿ ತೂರಿಸಿ ದಪ್ಪ ಎಷ್ಟು ಅಂತ ನೋಡುತ್ತಿದ್ದರು. ನಾನು ತಡೆಯಲಾರದೆ ಕೂಗಿಬಿಟ್ಟೆ.

"ಅಯ್ಯೋ ಸಾರ್, ಅದು ಗೇಜು! ನಮ್ಮಲ್ಲೂ ಇದೆ!"

ಆಮೇಲೆ ಡ್ರಿಲ್ ಶುರುವಾಯಿತು. ಗುಂಯ್ ಅನ್ನುವ ಸದ್ದು ಕೇಳಿದ್ದೇ ನನಗೆ ಮನೆಗೆ ಬಂದಷ್ಟು ಸಂತೋಷ.

"ಸಾರ್, ಆರಪಾರ ತೂತಾ, ಇಲ್ಲಾ ಅರ್ಧಕ್ಕೆ ನಿಲ್ಲಿಸ್ತೀರಾ?"

"ಅರ್ಧದವರೆಗೆ ದಪ್ಪ, ಅಲ್ಲಿಂದ ಆಚೆಗೆ ಸಣ್ಣ" ಅಂದರು ಡಾಕ್ಟರು, ಕಣ್ಣು ಟಿವಿಯ ಮೇಲೆ.

"ಸ್ಟೆಪ್ ಹೋಲ್! ಹುರಿ ದಪ್ಪಕ್ಕೆ ಕೂರುತ್ತೆ, ದಾರ ಸಣ್ಣದರಲ್ಲಿ ಆಚೆ ಬರುತ್ತೆ. ಸಕ್ಕತ್ ಸಾರ್!"

"ಅಮ್ಮಾ, ಒಂದೈದು ನಿಮಿಷ ಸುಮ್ನಿರ್ತೀರಾ?"

ಸುಮ್ಮನಿದ್ದೆ. ಹೊಸ ಹುರಿ ಕೆಳಗಿನ ತೂತಿನಿಂದ ನಿಧಾನವಾಗಿ ಮೇಲೆ ಬಂತು, ಮಂಡಿಯ ನಡುವೆ ಹಾದು ಮೇಲಿನ ತೂತಿನೊಳಗೆ ಹೋಗಿ ಕೂತಿತು. ಮೇಲೆ ದಾರಕ್ಕೆ ಅಂಗಿ ಗುಂಡಿಯಂಥ ಒಂದು ಪುಟ್ಟ ಬಿಲ್ಲೆ, ಕೆಳಗೆ ಒಂದು ಸ್ಕ್ರೂ. ಬಿಗಿದಾಯಿತು. ಕಣ್ಣಲ್ಲಿ ನೀರು ಬಂತು, ನೋವಿಗಂತೂ ಅಲ್ಲ.

ಫಿಟ್ಟಿಂಗ್ ಮುಗಿದರೆ ಮಾಲು ರೆಡಿ ಅನ್ನುವ ಜಾತಿಯವಳು ನಾನು. ಫಿಸಿಯೋಥೆರಪಿ ಮಾಡಿಸಿದ ಮೇಡಂ ಆ ಭ್ರಮೆಯನ್ನು ಮೊದಲ ದಿನವೇ ಬಿಡಿಸಿದರು. ಅವರು ದಾವಣಗೆರೆ ಕಡೆಯವರು, ನನಗಿಂತ ಚಿಕ್ಕವರು, ಹಣೆಯಲ್ಲಿ ಸಣ್ಣಗೆ ವಿಭೂತಿ, ನಗು ಮೆತ್ತಗೆ, ಕೆಲಸ ಮಾತ್ರ ಕಟ್ಟುನಿಟ್ಟು.

"ಈಗ ಅದು ಬರೇ ಹಗ್ಗ ಇದ್ದಂಗೈತ್ರಿ. ಅದಕ್ಕ ರಕ್ತ ಹರೀಬೇಕು, ಜೀವ ಬರ್ಬೇಕು. ಎರಡು ಮೂರು ತಿಂಗಳಿಗೆ ನಿಮಗ ಎಲ್ಲಾ ಸರಿ ಆತು ಅನ್ನಿಸ್ತೈತಿ. ಆವಾಗ್ಲೇ ಅದು ಭಾಳ ಮೆತ್ತಗಿರ್ತೈತಿ. ಜಿಗಿದೀರಿ ಮತ್ತ!"

ಜಿಗಿಯಲಿಲ್ಲ. ಮಂಡಿ ಮಡಚುವುದನ್ನು ಕಲಿತೆ, ಚಾಚುವುದನ್ನು ಕಲಿತೆ, ಕಡ್ಡಿಯಂತಾಗಿದ್ದ ತೊಡೆಯನ್ನು ಮತ್ತೆ ತೊಡೆ ಮಾಡಿದೆ. ಅತ್ತೆ ಪಕ್ಕದಲ್ಲೇ ಕೂತು "ಇನ್ನೊಂದು! ಇನ್ನೊಂದೇ! ಎತ್ತೇ ಕಾಲು!" ಅಂತ ಕಿರುಚುತ್ತಿದ್ದರು. ಕೆಳಗಿನ ಮನೆಯವರು ಅತ್ತೆ ಸೊಸೆಗೆ ಜಗಳ ಅಂದುಕೊಂಡು ಮೆಟ್ಟಿಲು ಹತ್ತಿ ಬಂದು ನೋಡಿದ್ದುಂಟು. ಮಳೆಗಾಲ ಬರುವಷ್ಟರಲ್ಲಿ ಓಡುತ್ತಿದ್ದೆ. ಗಣೇಶನ ಹಬ್ಬಕ್ಕೆ ಎರಡೂ ಕಾಲಲ್ಲಿ ಕುಪ್ಪಳಿಸುತ್ತಿದ್ದೆ. ಒಂದೇ ಒಂದು ಬಾಕಿ ಇತ್ತು. ಬಲಗಾಲು ಒಂದರಲ್ಲೇ ಹಾರಿ, ಅದೇ ಕಾಲಿನ ಮೇಲೆ ಇಳಿಯುವುದು. ಅದನ್ನು ನೆನೆದರೇ ಆ ಟಪ್ ಸದ್ದು ಕಿವಿಯಲ್ಲಿ ಬರುತ್ತಿತ್ತು. ಹಾರುತ್ತಿದ್ದೆ, ಆದರೆ ಮೋರಿಯ ಪಕ್ಕ ಸೀರೆ ಎತ್ತಿ ಹೆಜ್ಜೆಯಿಡುವವಳ ಹಾಗೆ ಹಾರುತ್ತಿದ್ದೆ.

ಆಟಕ್ಕೆ ಬಿಡುವ ಮೊದಲು ಒಂದು ಪರೀಕ್ಷೆ ಇತ್ತು. ಮೊದಲು ಚೆನ್ನಾಗಿರುವ ಕಾಲಿನಲ್ಲಿ ಹಾರಬೇಕು, ಆಮೇಲೆ ಆಪರೇಷನ್ ಆದ ಕಾಲಿನಲ್ಲಿ. ಒಳ್ಳೆಯ ಕಾಲಿನ ದೂರವನ್ನು ನೂರು ಅಂತಿಟ್ಟುಕೊಂಡರೆ ಈ ಕಾಲು ತೊಂಬತ್ತಾದರೂ ಮುಟ್ಟಬೇಕು. ಮುಟ್ಟಿದರೆ ಅಂಕಣಕ್ಕೆ ಇಳಿಯಬಹುದು, ಇಲ್ಲದಿದ್ದರೆ ಇಲ್ಲ. ಅಕ್ಟೋಬರ್ ಕೊನೆಗೆ ಪರೀಕ್ಷೆ, ನವೆಂಬರ್ ಮೊದಲ ವಾರ ನಮ್ಮ ಬೀದಿಯ ಕಬಡ್ಡಿ.

ಈ ಲೆಕ್ಕ ಕೇಳಿದ ಕೂಡಲೇ ನಮ್ಮ ಕ್ಯಾಪ್ಟನ್ನಿನ ಕಣ್ಣು ಮಿನುಗಿತು. ಕಬಡ್ಡಿ ಆಡುವವರ ಬುದ್ಧಿಯೇ ಹಾಗೆ, ನಿಯಮ ಕೇಳಿದರೆ ಸಂದು ಹುಡುಕುತ್ತೇವೆ.

"ಗುರೂ, ಸಿಂಪಲ್ ಕಣೇ. ಬಲಗಾಲು ಜಾಸ್ತಿ ಹಾರ್ಬೇಕು ಅಂತ ಯಾರು ಹೇಳಿದ್ರು? ಎಡಗಾಲಲ್ಲಿ ಕಮ್ಮಿ ಹಾರು! ಎರಡೂ ಒಂದೇ ಆಗೋಯ್ತಲ್ಲ!"

ನಾವೆಲ್ಲ ಬಿದ್ದುಬಿದ್ದು ನಕ್ಕೆವು. ನನಗಂತೂ ತಲೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಬಲಗಾಲಿನಲ್ಲಿ ನಿಜವಾಗಿ ಹಾರುವುದೇ ಬೇಡವಲ್ಲ! ಕಬಡ್ಡಿಯಲ್ಲಿ ಕಾಲು ತೋರಿಸಿ ಕೈಯಲ್ಲಿ ಮುಟ್ಟುವುದಿಲ್ಲವೇ, ಇದೂ ಹಾಗೇ ಅಂದುಕೊಂಡೆ. ಅತ್ತೆಗೆ ಮಾತ್ರ ಹೇಳಲಿಲ್ಲ. ಅವರಿಗೆ ಹೇಳಿದರೆ ತುಮಕೂರು ರಸ್ತೆಯ ಉದ್ದಕ್ಕೂ ಹೇಳಿದ ಹಾಗೆ. ನಾವು ಮಾಡಿದ ತಪ್ಪು ಅದೊಂದೇ.

ಪರೀಕ್ಷೆ ನಡೆದದ್ದು ಫಿಸಿಯೋಥೆರಪಿ ಕಟ್ಟಡದ ತಾರಸಿಯಲ್ಲಿ. ನೆಲಕ್ಕೆ ಅಳತೆಯ ಟೇಪು ಅಂಟಿಸಿದ್ದರು. ಇಡೀ ತಂಡ ಬಂದಿತ್ತು. ಅತ್ತೆ ರೇಷ್ಮೆ ಸೀರೆ ಉಟ್ಟುಕೊಂಡು, ಮಲ್ಲಿಗೆ ಮುಡಿದು, ಮದುವೆಗೆ ಬಂದವರಂತೆ ಮುಂದಿನ ಕುರ್ಚಿಯಲ್ಲಿ ಕೂತಿದ್ದರು.

ಎಡಗಾಲಿನಲ್ಲಿ ಮೊದಲ ಸಲ ಹಾರಿದೆ. ಮುಖ ಕಿವುಚಿಕೊಂಡು, ಕೈ ಬೀಸಿ, ಭಾರಿ ಶ್ರಮಪಟ್ಟವಳಂತೆ ನಟಿಸಿ, ಹತ್ತಿರದಲ್ಲೇ ಇಳಿದೆ. ಕ್ಯಾಪ್ಟನ್ "ಸೂಪರ್!" ಅಂದಳು. ಮೇಡಂ ಟೇಪಿನ ಕಡೆ ಒಮ್ಮೆ, ನನ್ನ ಕಾಲಿನ ಕಡೆ ಒಮ್ಮೆ ನೋಡಿದರು. ಎರಡನೆಯ ಸಲವೂ ಅಲ್ಲೇ ಇಳಿದೆ.

ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು.

"ಏಯ್! ಏನೇ ಅದು? ಅಷ್ಟೇಯಾ? ಮನೆ ಮುಂದ್ಲ ಮೋರಿ ದಾಟೋವಾಗ ಇದರ ಎರಡರಷ್ಟು ಆರ್ತೀಯಾ! ಮೇಡಮ್ಮಾ, ಇದನ್ನ ಬರ್ಕೋಬ್ಯಾಡ ಕಣವ್ವ, ನನ್ ಸೊಸೆ ಆರೋದು ಇಂಗಲ್ಲ! ಆರೇ ಸರ್ಯಾಗಿ! ಮಾನ ಕಳೀತೀಯಾ ಎಲ್ರ ಎದುರ್ಗೂ!"

ಕ್ಯಾಪ್ಟನ್ ಹಣೆ ಚಚ್ಚಿಕೊಂಡಳು. ಮೇಡಂ ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು.

"ನಾನೂ ಅದನ್ನೇ ಕೇಳೋಣ ಅಂತಿದ್ದೆ. ಹೋದ ವಾರಕ್ಕಿಂತ ಎಡಗಾಲು ಗಿಡ್ಡ ಆಗೇತೇನ್ರಿ? ಇನ್ನೊಮ್ಮೆ ಹಾರ್ರಿ, ಅಮ್ಮಾರು ಹೇಳಿದಂಗ."

ನನಗೆ ಪಿತ್ತ ನೆತ್ತಿಗೇರಿತು. ಅತ್ತೆಯ ಮೇಲೆ, ಕ್ಯಾಪ್ಟನ್ ಮೇಲೆ, ಆ ಟೇಪಿನ ಮೇಲೆ, ಎಲ್ಲದರ ಮೇಲೂ ಸಿಟ್ಟು. ಹಾರಬೇಕಾ? ನೋಡಿ ಹಾಗಾದರೆ! ಎಡಗಾಲಿನಲ್ಲಿ ಪೂರ್ತಿ ಕಸುವು ಹಾಕಿ ಹಾರಿದೆ. ಟೇಪಿನ ತುದಿಯ ಹತ್ತಿರ ಹೋಗಿ ಬಿದ್ದೆ. ಅತ್ತೆ ಶಿಳ್ಳೆ ಹೊಡೆದರು. ಅದೇ ಸಿಟ್ಟಿನಲ್ಲಿ ವಾಪಸು ಬಂದು, ಯಾರಾದರೂ ಹೇಳಲೆಂದು ಕಾಯದೆ, ಬಲಗಾಲು ಊರಿ ಹಾರಿಬಿಟ್ಟೆ.

ಗಾಳಿಯಲ್ಲಿರುವಾಗ ಗೊತ್ತಾಯಿತು, ಅಯ್ಯೋ, ಇದು ಬಲಗಾಲು! ಅಷ್ಟರಲ್ಲಿ ಪಾದ ನೆಲ ಮುಟ್ಟಿತು. ಮಂಡಿ ಬಾಗಿತು, ತಡೆಯಿತು, ನಿಂತಿತು. ಒಂಟಿ ಕಾಲಲ್ಲಿ ಅಲುಗಾಡದೆ ನಿಂತಿದ್ದೆ! ಟಪ್ ಇಲ್ಲ, ಜಾರಿಲ್ಲ, ಏನೂ ಇಲ್ಲ! ನಾನು ಹೋ ಅಂತ ಅರಚಿದೆ. ಪಕ್ಕದ ಕಟ್ಟಡದಲ್ಲಿ ಬಟ್ಟೆ ಒಣಹಾಕುತ್ತಿದ್ದವರು ತಿರುಗಿ ನೋಡಿದರು.

ಮೇಡಂ ಬಗ್ಗಿ ಅಳತೆ ನೋಡಿದರು. ತೊಂಬತ್ತು ಮುಟ್ಟಿರಲಿಲ್ಲ. ಒಂದು ಗೇಣಿಗೂ ಕಡಿಮೆ ಅಂತರದಲ್ಲಿ ಹೋಯಿತು.

"ಇನ್ನೊಂದು ತಿಂಗಳು ಕಸರತ್ತು ಮಾಡ್ರಿ, ಮತ್ತ ನೋಡೋಣು. ಈಗ ಆಟ ಬ್ಯಾಡ್ರಿ."

ಹತ್ತಿರದಲ್ಲೇ ನಿಂತಿದ್ದ ಕ್ಯಾಪ್ಟನ್‌ಗೆ ತಡೆಯಲಾಗಲಿಲ್ಲ. "ಆಂಟೀ, ನೀವು ಒಂದ್ನಿಮಿಷ ಬಾಯಿ ಮುಚ್ಕೊಂಡಿದ್ದಿದ್ರೆ ಇವತ್ತು ಪಾಸಾಗ್ಬಿಡ್ತಿದ್ಲು!" ಅಂತ ನಮ್ಮ ಉಪಾಯವನ್ನೆಲ್ಲ ಒದರಿಬಿಟ್ಟಳು.

ಅತ್ತೆಯ ಮುಖ ಇಳಿದುಹೋಯಿತು. ಕ್ಯಾಪ್ಟನ್ನನ್ನು ನೋಡಿದರು, ನನ್ನನ್ನು ನೋಡಿದರು. ಮನೆಗೆ ಬಂದು ಸೀರೆ ಬದಲಾಯಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಅಂದರು.

"ನನ್ ಬಾಯಿಂದ ನಿನ್ನ ಆಟ ಓಯ್ತಲ್ಲೇ."

ನನಗೆ ಆ ಹೊತ್ತಿಗೆ ಸಿಟ್ಟು ಎಲ್ಲಿತ್ತು? ಬಲಗಾಲು ಗಟ್ಟಿಯಾಗಿ ನಿಂತಿತ್ತಲ್ಲ, ಆ ಖುಷಿಯಲ್ಲೇ ತೇಲುತ್ತಿದ್ದೆ. "ಬಿಡಿ ಅತ್ತೆ" ಅಂದೆ. ಎಷ್ಟು ಸಲ ಅಂದರೂ ಅವರು ಬಿಡಲಿಲ್ಲ.

ಆಮೇಲೆ ಮನೆ ಎಂಥ ಮನೆಯಾಯಿತು ಅಂದರೆ, ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತಿದ್ದೆವು. ಕಸರತ್ತಿನ ಹೊತ್ತಿಗೆ ಅತ್ತೆ ಪಕ್ಕದಲ್ಲಿ ಬಂದು ಕೂರುತ್ತಿದ್ದರು, ಆದರೆ ಬಾಯಿ ತೆರೆಯುತ್ತಿರಲಿಲ್ಲ. ನಮ್ಮ ಬೀದಿಯ ಆಟ ನಾನಿಲ್ಲದೆ ನಡೆಯಿತು. ಅತ್ತೆ ಕುರ್ಚಿಯ ಮೇಲೆ ಹತ್ತಲಿಲ್ಲ, ಕೂತಿದ್ದರು, ಅಷ್ಟೇ. ನಮ್ಮವರು ಸೋತರು. ಅಂಪೈರು ಒಂದು ತಪ್ಪು ತೀರ್ಪು ಕೊಟ್ಟು, ಅಭ್ಯಾಸಬಲದಿಂದ ಅತ್ತೆಯ ಕಡೆ ಹೆದರಿ ನೋಡಿದ. ಅಲ್ಲಿಂದ ಸದ್ದೇ ಬರಲಿಲ್ಲ. ನನ್ನ ಯಜಮಾನರು ಮಾತು ಕಡಿಮೆಯ ಮನುಷ್ಯ, ಅವರೇ ಒಂದು ದಿನ "ಅಮ್ಮನ್ನ ಡಾಕ್ಟರ್‌ಗೆ ತೋರಿಸೋಣ್ವಾ?" ಅಂದರು.

ನಾನು ಬಲಗಾಲಿನಲ್ಲಿ ಹಾರಿದೆ, ಹಾರಿದೆ, ಹಾರುತ್ತಲೇ ಇದ್ದೆ. ತಾರಸಿಯಲ್ಲಿ, ಕಾರ್ಖಾನೆಯ ಊಟದ ಬಿಡುವಿನಲ್ಲಿ, ಪಾರ್ಕಿನಲ್ಲಿ. ಒಮ್ಮೆ ಕಾಲು ನಂಬಿಕೆ ಕೊಟ್ಟ ಮೇಲೆ ಯಾರು ನಿಲ್ಲಿಸುತ್ತಾರೆ! ಎರಡನೆಯ ಪರೀಕ್ಷೆಗೆ ಅತ್ತೆ ಬರಲೇ ಇಲ್ಲ. "ನಾನ್ ಬಂದ್ರೆ ಕೆಡ್ತದೆ, ನೀನೇ ಓಗು" ಅಂದರು. ಎರಡೂ ಕಾಲಿನಲ್ಲಿ ಜೀವಬಿಟ್ಟು ಹಾರಿದೆ. ತೊಂಬತ್ತು ದಾಟಿತ್ತು! ಮೇಡಂ ನನ್ನ ಕೈಕುಲುಕಿ "ಹೋಗ್ರಿ, ಆಡ್ರಿ" ಅಂದರು. ಅವರನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟೆ.

ರಾಜ್ಯೋತ್ಸವ ನವೆಂಬರ್ ಒಂದಕ್ಕೇ ಮುಗಿಯುತ್ತದೆ ಅಂದುಕೊಂಡವರು ನಮ್ಮ ಕಡೆ ಬಂದು ನೋಡಬೇಕು. ನವೆಂಬರ್ ಪೂರ್ತಿ ಒಂದೊಂದು ಬೀದಿಯದು ಒಂದೊಂದು ಭಾನುವಾರ. ಮಳೆ ಬಂತು, ಪೆಂಡಾಲಿನವನು ಸಿಗಲಿಲ್ಲ, ಆರ್ಕೆಸ್ಟ್ರಾದವರು ಕೈಕೊಟ್ಟರು ಅಂತ ಡಿಸೆಂಬರಿಗೂ ಹೋಗುತ್ತದೆ. ಹಾಗೆ ತಡವಾದ ರಾಜಗೋಪಾಲನಗರದ ಒಂದು ಬೀದಿಯ ಕಬಡ್ಡಿಗೆ ನಮ್ಮ ತಂಡ ಹೆಸರು ಕೊಟ್ಟಿತು. ಒಂದು ವರ್ಷದ ಮೇಲೆ ನಾನು ಮತ್ತೆ ಅಂಕಣದಲ್ಲಿ! ನೆಲಕ್ಕೆ ಕೈಮುಟ್ಟಿ ನಮಸ್ಕಾರ ಮಾಡಿದೆ.

ಕ್ಯಾಪ್ಟನ್ ಮೊದಲ ರೈಡಿಗೆ ನನ್ನನ್ನೇ ಕಳಿಸಿದಳು. ಗೆರೆಯ ಹತ್ತಿರ ಬಂದು ಪಕ್ಕಕ್ಕೆ ನೋಡಿದೆ. ಅತ್ತೆ ಕೂತಿದ್ದರು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಎರಡೂ ಕೈಯಿಂದ ಅದುಮಿ ಹಿಡಿದಿದ್ದರು. ಕಣ್ಣು ಮಾತ್ರ ಹೊರಗೆ. ನನಗೆ ರೇಗಿಹೋಯಿತು. ಗೆರೆ ಬಿಟ್ಟು ಸೀದಾ ಅವರ ಮುಂದೆ ಹೋಗಿ ನಿಂತೆ. ಅಂಪೈರು ಶಿಳ್ಳೆ ಊದಿದ, "ರೈಡರ್! ರೈಡರ್!" ಅಂದ. ಊದಿಕೊಳ್ಳಲಿ!

"ಅತ್ತೆ, ಕೂಗ್ತೀರೋ ಇಲ್ವೋ?"

ಇಲ್ಲವೆಂದು ತಲೆಯಾಡಿಸಿದರು. ಸೆರಗು ತೆಗೆಯದೆಯೇ "ನನ್ ಬಾಯಿ ಒಳ್ಳೇದಲ್ಲ ಕಣವ್ವ" ಅಂದರು.

"ಆ ಬಾಯಿಂದಾನೇ ನಾನು ಅವತ್ತು ಬಲಗಾಲಲ್ಲಿ ಹಾರಿದ್ದು! ನೀವು ಸುಮ್ನಿದ್ದಿದ್ರೆ ಕಳ್ಳಾಟ ಆಡಿ ಪಾಸಾಗಿ, ಹೆದರ್ಕೊಂಡೇ ಆಟಕ್ಕಿಳಿದು, ಮಂಡಿ ಮತ್ತೆ ಮುರ್ಕೊಂಡು ಮೂಲೇಲಿ ಕೂತಿರ್ತಿದ್ದೆ. ಈಗ ಕೂಗಿ. ನೀವು ಕೂಗ್ದೇ ನಾನು ಆ ಗೆರೆ ದಾಟಲ್ಲ, ನೋಡಿ!"

ಅತ್ತೆಯ ಕಣ್ಣು ತುಂಬಿ ಬಂತು. ಸೆರಗು ಕೆಳಗೆ ಬಿತ್ತು. ಪಕ್ಕದಲ್ಲಿದ್ದವರ ಹೆಗಲು ಹಿಡಿದು ಕುರ್ಚಿಯ ಮೇಲೆ ಹತ್ತಿದರು.

"ಓಗೇಏಏ! ಒಬ್ರುನ್ನೂ ಬಿಡಬ್ಯಾಡ ಕಣೇ!"

ಕಬಡ್ಡಿ ಕಬಡ್ಡಿ ಅನ್ನುತ್ತಾ ಗೆರೆ ದಾಟಿದೆ. ಮೈಯೆಲ್ಲ ಝುಂ ಅಂತು. ಮೂಲೆಯವಳನ್ನು ಕೈಯಲ್ಲಿ ಮುಟ್ಟಿ ತಿರುಗಿದೆ, ಅದೇ ಕಾಲಿನ ಮೇಲೆ ಗಕ್ಕನೆ ತಿರುಗಿದೆ, ಮಂಡಿ ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಯಾರೋ ಹಿಂದಿನಿಂದ ಧುಮುಕಿ ಬಲಗಾಲನ್ನೇ ಅಪ್ಪಿ ಹಿಡಿದರು. ನೆಲಕ್ಕೆ ಬಿದ್ದೆ. ಉಸಿರು ಬಿಡದೆ ಕಬಡ್ಡಿ ಅನ್ನುತ್ತಲೇ ಇದ್ದೆ. ಎಲ್ಲ ಗಲಾಟೆಯ ಮೇಲೆ ಒಂದೇ ಗಂಟಲು ಕೇಳುತ್ತಿತ್ತು, "ಎಳ್ಕೊಂಡ್ ಬಾರೇ! ಎಳ್ಕೊಂಡ್ ಬಾ ನನ್ ಮಗ್ಳೇ!" ಕಾಲಿಗೆ ನೇತುಬಿದ್ದವಳನ್ನೂ ಎಳೆದುಕೊಂಡು ತೆವಳಿ ಕೈ ಚಾಚಿದೆ. ಗೆರೆ ಸಿಕ್ಕಿತು.

ತಲೆಯೆತ್ತಿ ನೋಡಿದಾಗ ಅಂಪೈರು ನಮ್ಮ ಕಡೆಗೇ ಕೈ ತೋರಿಸಿ ಪಾಯಿಂಟು ಕೊಟ್ಟಾಗಿತ್ತು. ಆದರೂ ಅತ್ತೆ ಕುರ್ಚಿಯ ಮೇಲೆ ನಿಂತು, ಅಳುತ್ತಾ, ಅವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು.